ಬಂಜರು ಅಂದವರು ಯಾರು?

ಕಪ್ಪತಗುಡ್ಡದ ಕೆಳಗಿನ ಯಾವುದಾದರೂ ಊರಲ್ಲಿ ರಾತ್ರಿ ಹೊತ್ತು ನಿಂತು ದಿಬ್ಬದ ಕಡೆ ನೋಡಿ. ಸಾಲುಸಾಲಾಗಿ ಕೆಂಪು ದೀಪ. ಹತ್ತುತ್ತವೆ, ಆರುತ್ತವೆ, ಮತ್ತೆ ಹತ್ತುತ್ತವೆ. ಅವು ಗಾಳಿ ಫ್ಯಾನುಗಳ ದೀಪ. ಕೆಳಗೆ ನಮ್ಮ ಕೇರಿಯ ಕಂಬದ ಬಲ್ಬು ಸುಟ್ಟುಹೋಗಿ ಎಷ್ಟೋ ದಿನವಾಗಿದೆ. ಪಂಚಾಯ್ತಿಗೆ ಅರ್ಜಿ ಕೊಟ್ಟರೆ 'ಬಜೆಟ್ ಬರಲಿ' ಅಂತಾರೆ. ಗುಡ್ಡದ ಮ್ಯಾಲಿನ ದೀಪಕ್ಕೆ ಮಾತ್ರ ಬಜೆಟ್ಟು ಎಂದೂ ತಪ್ಪಿಲ್ಲ.

ಅಲ್ಲಿ ಒಬ್ಬ ಮುದುಕ ಕುರಿಗಾಹಿ ನಮ್ಮನ್ನು ಕೇಳಿದ: "ಗುಡ್ಡಾನ ಬಂಜರ ಅಂತ ಬರದಾರಂತಲ್ರಿ. ಮತ್ತ ನನ್ನ ಕುರಿ ಇಷ್ಟ ವರ್ಷ ಏನ್ ತಿಂದ್ವು? ಕಾಗದಾ ತಿಂದ್ವೇನ್ರಿ?"

ಓದು ಬಲ್ಲ ನಾವು ನಾಲ್ಕೈದು ಮಂದಿ ಇದ್ದೆವು. ಒಬ್ಬರ ಬಾಯಿಂದಲೂ ಉತ್ತರ ಹೊರಡಲಿಲ್ಲ. ಆ ಉತ್ತರ ಹುಡುಕುತ್ತಾ ಹೊರಟು ಈ ಲೇಖನ ಬರೆಯುತ್ತಿದ್ದೇವೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ. ಗಾಳಿಯಿಂದ ಕರೆಂಟು ತೆಗೆಯುವುದಕ್ಕೆ ನಾವು ವಿರೋಧಿಗಳಲ್ಲ. ಶಕ್ತಿನಗರದ ಕಲ್ಲಿದ್ದಲ ಬೂದಿ ಯಾರ ಮನೆಯ ಮಾಡಿನ ಮೇಲೆ ಕೂಡುತ್ತದೆ, ಯಾರ ಎದೆಯೊಳಗೆ ಇಳಿಯುತ್ತದೆ ಎಂಬುದು ನಮಗೆ ಗೊತ್ತು. ಭೂಮಿ ಕಾಯ್ದು ಮಳೆ ಹಿಂದುಮುಂದಾದರೆ ಮೊದಲು ಗಂಟು ಕಟ್ಟಿ ಗುಳೆ ಹೊರಡುವವರು ನಮ್ಮವರೇ. ಎ.ಸಿ. ಕೋಣೆಯವರಿಗೆ ಬಿಸಿಲು ಏರಿದರೆ ಬಿಲ್ಲು ಏರುತ್ತದೆ, ಕೂಲಿಯವಳಿಗೆ ಜೀವ ಹೋಗುತ್ತದೆ. ಆದ್ದರಿಂದ ಕಲ್ಲಿದ್ದಲು ಹೋಗಲಿ, ಗಾಳಿ ಬರಲಿ. ಕರ್ನಾಟಕದಲ್ಲಿ ಗಾಳಿ ವಿದ್ಯುತ್ತಿನ ಶಕ್ತಿ 5,000 ಮೆಗಾವ್ಯಾಟ್ ದಾಟಿದೆ. ನಮ್ಮ ತಕರಾರು ಆ ಲೆಕ್ಕದ ಮೇಲೆ ಅಲ್ಲ. ಆ ಫ್ಯಾನು ಎಲ್ಲಿ ನಿಲ್ಲಬೇಕು, ನಿಂತರೆ ಏನೇನು ಹೋಗುತ್ತದೆ, ಹೋಗುವುದನ್ನು ಅಳೆಯುವವರು ಯಾರು? ತಕರಾರು ಇರುವುದು ಇಲ್ಲಿ.

ಬಂಜರು ಎಂಬ ಪದವನ್ನೇ ಹಿಡಿಯೋಣ. ಬ್ರಿಟಿಷರ ಕಂದಾಯ ಲೆಕ್ಕದಲ್ಲಿ ತೆರಿಗೆ ಕೊಡದ ನೆಲವೆಲ್ಲ ಪಾಳು. ಬಿಳಿಯರು ಹೋದರು, ಲೆಕ್ಕದ ಪುಸ್ತಕ ಉಳಿಯಿತು. 2019ರ ಭಾರತದ ಬಂಜರು ಭೂಮಿ ನಕ್ಷೆಯ ಪ್ರಕಾರ ದೇಶದ ನೆಲದಲ್ಲಿ ಸುಮಾರು ನೂರಕ್ಕೆ 17 ಭಾಗ ಬಂಜರು. ಕುರುಚಲು, ಹುಲ್ಲುಗಾವಲಿನ ಎಷ್ಟೋ ನೆಲ ಅದರೊಳಗೇ ಸೇರಿದೆ. ಮರವಿದ್ದರೆ ಕಾಡು, ಬೆಳೆಯಿದ್ದರೆ ಹೊಲ, ಹುಲ್ಲಿದ್ದರೆ ದಂಡ! ನೆಲವನ್ನು ಹೀಗೆ ಮೇಲು ಕೀಳು ಮಾಡಿದ ಬುದ್ಧಿ ಯಾವುದೆಂದು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಊರ ಹೊರಗಿನವರು ಯಾತಕ್ಕೂ ಬಾರದವರು ಎಂದು ಬರೆದ ಕೈಯೇ ಊರ ಹೊರಗಿನ ನೆಲ ಯಾತಕ್ಕೂ ಬಾರದ್ದು ಎಂದು ಬರೆದಿದೆ. ಆ ಎರಡೂ ನೂರಾರು ವರ್ಷದಿಂದ ಜೊತೆಗೇ ಬದುಕಿವೆ. ಸ್ವಂತ ಹೊಲ ಇಲ್ಲದವನಿಗೆ ಗೋಮಾಳವೇ ಹೊಲ. ಸೌದೆ ಅಲ್ಲಿಂದ, ಕಸಬರಿಗೆ ಹುಲ್ಲು ಅಲ್ಲಿಂದ, ಬಾಣಂತಿಗೆ ಬೇರು ಅಲ್ಲಿಂದ, ಆಡಿಗೆ ಸೊಪ್ಪು ಅಲ್ಲಿಂದ. ಬರಗಾಲದಲ್ಲಿ ಸಾಹುಕಾರನ ಕಣಜ ಮುಚ್ಚುತ್ತಿತ್ತು, ಗುಡ್ಡ ಮುಚ್ಚುತ್ತಿರಲಿಲ್ಲ.

ಆ ಬಂಜರಿನಲ್ಲಿ ಇನ್ಯಾರು ಇದ್ದಾರೆ? ತೋಳ ಇದೆ. ಕತ್ತೆಕಿರುಬ ಇದೆ. ನರಿ, ಚಿರತೆ, ಕೊಂಡುಕುರಿ, ನವಿಲು, ಮೊಲ ಇವೆ. ಚಳಿಗಾಲಕ್ಕೆ ಸಾವಿರಾರು ಮೈಲಿ ದಾಟಿ ಬರುವ ಸೆಳೆವ ಹಕ್ಕಿ ಇದೆ. ಈ ಜೀವಗಳಿಗೆ ದಟ್ಟ ಕಾಡು ಬೇಕಿಲ್ಲ, ಬಯಲೇ ಬೇಕು. ಬಯಲಿಗೆ ಸಸಿ ನೆಟ್ಟರೂ ಇವು ಹೋಗುತ್ತವೆ, ಸಿಮೆಂಟು ಹಾಕಿದರೂ ಹೋಗುತ್ತವೆ. ಕಪ್ಪತಗುಡ್ಡವನ್ನು 2015ರಲ್ಲಿ ಸಂರಕ್ಷಿತ ಮೀಸಲು ಎಂದು ಸಾರಿದರು. 2016ರಲ್ಲಿ ಅದನ್ನು ವಾಪಸು ಪಡೆದರು. ಯಾಕೆ? ಮಣ್ಣಿನೊಳಗೆ ಚಿನ್ನ ಕಬ್ಬಿಣ ಇತ್ತಲ್ಲ! ಗದಗಿನ ಜನ, ಮಠದ ಸ್ವಾಮಿಗಳು, ವಿದ್ಯಾರ್ಥಿಗಳು ಬೀದಿಗಿಳಿದರು. 2017ರಲ್ಲಿ ಸರ್ಕಾರ ಮತ್ತೆ ಮೀಸಲು ಮಾಡಿತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರು ವನ್ಯಜೀವಿಧಾಮವಾಯಿತು. ಒಳ್ಳೆಯದು. ಆದರೆ ನಕ್ಷೆಯ ಗೆರೆಯನ್ನು ತೋಳ ಓದುವುದಿಲ್ಲ. ರಾತ್ರಿ ಗೆರೆ ದಾಟಿ ಗೋಮಾಳಕ್ಕೆ ಬರುತ್ತದೆ, ಮರಿ ಹಾಕಲು ಹಳ್ಳದ ದಂಡೆಗೆ ಬರುತ್ತದೆ. ಗೆರೆಯ ಒಳಗೆ ಧಾಮ, ಗೆರೆಯ ಹೊರಗೆ ಬಂಜರು ಅಂದರೆ ತೋಳ ಅರ್ಧ ದಿನ ಕಾಯ್ದೆಯೊಳಗೆ ಬದುಕಿ ಅರ್ಧ ದಿನ ಕಂಪನಿಯ ದಯೆಯಲ್ಲಿ ಬದುಕಬೇಕು.

ಈಗ ಫ್ಯಾನಿನ ವಿಚಾರ. ದೂರದಿಂದ ನೋಡಿದರೆ ಅದು ಮೆಲ್ಲಗೆ ತಿರುಗುತ್ತದೆ. ಹಾಗೆ ಕಾಣುವುದು ಕಣ್ಣಿಗೆ ಬೀಳುವ ಮೋಸ. ಇಂದಿನ ದೊಡ್ಡ ಯಂತ್ರದ ರೆಕ್ಕೆ 60–70 ಮೀಟರು ಉದ್ದ. ಅದರ ತುದಿ ಗಂಟೆಗೆ 250 ಕಿಲೋಮೀಟರಿಗೂ ಮಿಕ್ಕಿ ಓಡುತ್ತದೆ. ಹದ್ದು ಹಾರುವಾಗ ತಲೆ ಬಗ್ಗಿಸಿ ನೆಲದ ಬೇಟೆ ನೋಡುತ್ತದೆ. ಆಗ ಎದುರಿನದ್ದು ಅದರ ಕಣ್ಣಿಗೆ ಬೀಳುವುದಿಲ್ಲ. ಕೋಟ್ಯಂತರ ವರ್ಷ ಆಕಾಶದಲ್ಲಿ ಎದುರಿಗೆ ಏನೂ ಇರಲಿಲ್ಲ, ನೋಡುವ ಅಗತ್ಯವೂ ಇರಲಿಲ್ಲ. ರಾತ್ರಿ ಬಾವಲಿಗಳು ಬಡಿದು ಬೀಳುತ್ತವೆ. ಇಷ್ಟೇ ಅಲ್ಲ. ಯಂತ್ರ ಸಾಗಿಸಲು, ಕ್ರೇನು ಏರಿಸಲು ಗುಡ್ಡದ ನೆತ್ತಿಯವರೆಗೆ ಅಗಲ ರಸ್ತೆ ಕಡಿಯಬೇಕು. ಕಡಿದ ಮಣ್ಣು ಮಳೆಗೆ ಜಾರಿ ಕೆಳಗಿನ ಹಳ್ಳಕ್ಕೆ, ಕೆರೆಗೆ. ಆಮೇಲೆ ಕರೆಂಟು ಒಯ್ಯುವ ತಂತಿ. ಫ್ಯಾನು ತಪ್ಪಿಸಿಕೊಂಡ ಹಕ್ಕಿಗೆ ತಂತಿ ಕಾದಿರುತ್ತದೆ.

ಇದು ನಾವು ಊಹೆ ಮಾಡಿ ಹೇಳುವ ಮಾತಲ್ಲ. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ಚಾಳಕೇವಾಡಿ ಎಂಬ ಬಯಲು ಗುಡ್ಡ ಇದೆ. ಕೋಯ್ನಾ ಅಭಯಾರಣ್ಯದ ಮಗ್ಗುಲು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾರಿಯಾ ಠಾಕರ್ ಮತ್ತು ಸಂಗಡಿಗರು ಅಲ್ಲಿ ಮಾಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಫ್ಯಾನು ಇರುವ ಕಡೆ ಬೇಟೆಹಕ್ಕಿಗಳು, ಇಲ್ಲದ ಕಡೆಗಿಂತ ಸುಮಾರು ನಾಲ್ಕು ಪಟ್ಟು ಕಡಿಮೆ. ಹದ್ದು ಗಿಡುಗ ಹೋದವು, ಆದ್ದರಿಂದ ಅವು ತಿನ್ನುತ್ತಿದ್ದ ಓತಿಕೇತ ಹೆಚ್ಚಿದವು. ಹೆಚ್ಚಿದ ಓತಿಕೇತಗಳ ಮೈ ಸೊರಗಿತು, ಗಂಡಿನ ಕೊರಳ ಬಣ್ಣ ಮಸುಕಾಯಿತು, ಮನುಷ್ಯ ಹತ್ತಿರ ಹೋದರೂ ಅವು ಬೇಗ ಓಡಲಿಲ್ಲ. ಆಕಾಶದ ಮೇಲಿಟ್ಟ ಯಂತ್ರ ಕಲ್ಲಿನ ಸಂದಿಯ ಓತಿಕೇತದ ಬಣ್ಣ ಬದಲಾಯಿಸಿತು! ಬಯಲಿನ ಬದುಕು ಹೀಗೆ ಒಂದಕ್ಕೊಂದು ಹೆಣೆದುಕೊಂಡಿದೆ. ಕಂಪನಿಯ ಇಂಜಿನಿಯರು ಒಂದು ದಿನ ಜೀಪಿನಲ್ಲಿ ಬಂದು "ಇಲ್ಲಿ ಏನೂ ಇಲ್ಲ" ಎಂದು ಬರೆದುಕೊಂಡು ಹೋದರೆ ಈ ಹೆಣಿಗೆ ಅವರ ಕಣ್ಣಿಗೆ ಬೀಳುತ್ತದೆಯೇ?

ಇನ್ನೊಂದು ಲೆಕ್ಕ ನೋಡಿ. ಕೊಯಮತ್ತೂರಿನ ಸಲೀಂ ಅಲಿ ಪಕ್ಷಿವಿಜ್ಞಾನ ಕೇಂದ್ರದವರು ಗುಜರಾತಿನ ಕಚ್ಛ್‌ನಲ್ಲೂ ನಮ್ಮ ದಾವಣಗೆರೆ ಭಾಗದಲ್ಲೂ ಫ್ಯಾನಿನ ಬುಡದಲ್ಲಿ ಸತ್ತ ಹಕ್ಕಿಗಳನ್ನು ಹುಡುಕಿದರು. 2019ರಲ್ಲಿ ಪ್ರಕಟವಾದ ಆ ವರದಿಯಲ್ಲಿ ಕಚ್ಛ್‌ನಲ್ಲಿ ಮೂರು ವರ್ಷಕ್ಕೆ 47 ಹೆಣ, ದಾವಣಗೆರೆಯಲ್ಲಿ ಒಂದು ವರ್ಷಕ್ಕೆ 7. ವರ್ಷಕ್ಕೆ ಒಂದು ಫ್ಯಾನಿಗೆ ಸರಾಸರಿ ಅರ್ಧ ಹಕ್ಕಿಗಿಂತ ಕಡಿಮೆ. ಕಂಪನಿಯ ವಕೀಲರಿಗೆ ಈ ಅಂಕಿ ಬಹಳ ಇಷ್ಟ. "ಅರ್ಧ ಹಕ್ಕಿಗೆ ಇಷ್ಟು ಗಲಾಟೆಯೇನ್ರೀ?" ಎನ್ನುತ್ತಾರೆ.

ನಮ್ಮ ಉತ್ತರ ಮೂರು. ಒಂದು: ಯಾವ ಹಕ್ಕಿ? ಗುಬ್ಬಿ ವರ್ಷಕ್ಕೆ ಎರಡು ಮೂರು ಸಲ ಗೂಡು ತುಂಬಿಸುತ್ತದೆ. ದೊಡ್ಡ ಹದ್ದು ವರ್ಷಕ್ಕೆ ಒಂದೋ ಎರಡೋ ಮೊಟ್ಟೆ ಇಡುತ್ತದೆ, ಮರಿ ದೊಡ್ಡದಾಗಲು ವರ್ಷಗಳು ಬೇಕು. ಸಾವು ಒಂದೇ ಆದರೂ ನಷ್ಟ ಒಂದೇ ಅಲ್ಲ. ಎರಡು: ಬಿದ್ದ ಹೆಣವನ್ನು ನಾಯಿ ನರಿ ರಾತ್ರೋರಾತ್ರಿ ಎಳೆದೊಯ್ಯುತ್ತವೆ. ಸಿಕ್ಕದ್ದಷ್ಟೇ ಸತ್ತದ್ದು ಅಂತ ಅಲ್ಲ. ಒಂದು ಫ್ಯಾನಿಗೆ ಅರ್ಧ ಅಂದರೆ ಸಾವಿರ ಫ್ಯಾನಿಗೆ, ಇಪ್ಪತ್ತೈದು ವರ್ಷಕ್ಕೆ ಎಷ್ಟು? ಮಗ್ಗಿ ಬಲ್ಲ ಮಗು ಹೇಳುತ್ತದೆ. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಅದೇ ಕೇಂದ್ರದವರು 2022ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದ ಪ್ರಕಾರ, ಫ್ಯಾನುಗಳು ಒತ್ತೊತ್ತಾಗಿರುವ ಕಡೆ ಚಿಂಕಾರ, ನರಿ, ಕಾಡುಬೆಕ್ಕು ಇರುವ ಸಂಭವ ಕಡಿಮೆ. ಇವು ರೆಕ್ಕೆಗೆ ಬಡಿದು ಸತ್ತ ಪ್ರಾಣಿಗಳಲ್ಲ. ಜಾಗ ಬಿಟ್ಟು ಹೋದವು. ಸತ್ತವರ ಲೆಕ್ಕವನ್ನಾದರೂ ಯಾರೋ ಇಟ್ಟಾರು, ಊರು ಬಿಟ್ಟವರ ಲೆಕ್ಕ ಯಾರು ಇಡುತ್ತಾರೆ? ಗುಳೆ ಹೋದ ನಮ್ಮ ಅಣ್ಣತಮ್ಮಂದಿರ ಲೆಕ್ಕವನ್ನೇ ಇಡದ ಸರ್ಕಾರ ಗುಳೆ ಹೋದ ನರಿಯ ಲೆಕ್ಕ ಇಟ್ಟೀತೇ?

ಎರೆಭೂತದ ಕತೆ ಕೇಳಿ. ಎರೆಮಣ್ಣಿನ ಬಯಲಲ್ಲಿ ಮನುಷ್ಯನ ಸೊಂಟದೆತ್ತರ ನಡೆದಾಡುವ ಹಕ್ಕಿ. ರಾಣೆಬೆನ್ನೂರಿನ ಬಯಲಲ್ಲಿ ಒಂದು ಕಾಲಕ್ಕೆ ಇತ್ತು. ಈಗ ನಮ್ಮ ನಾಡಲ್ಲಿ ಉಳಿದಿರುವುದು ಸಿರುಗುಪ್ಪದ ಕಡೆ ಕೈಬೆರಳಲ್ಲಿ ಎಣಿಸುವಷ್ಟು. ಇಡೀ ದೇಶದಲ್ಲಿ 2018ರ ಅಂದಾಜಿಗೆ ಸುಮಾರು 150. ರಾಜಸ್ಥಾನದಲ್ಲಿ ಇವುಗಳ ಬಯಲಿಗೇ ಗಾಳಿ, ಬಿಸಿಲು ವಿದ್ಯುತ್ತಿನ ಕಂಪನಿಗಳು ಬಂದವು, ತಂತಿ ಎಳೆದವು. 2021ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ತಂತಿಯನ್ನು ನೆಲದೊಳಗೆ ಹಾಕಿ ಎಂದಿತು. ಖರ್ಚು ಹೆಚ್ಚು, ಆಗದು ಎಂದು ಸರ್ಕಾರವೇ ಕೋರ್ಟಿಗೆ ಹೋಯಿತು. 2024ರ ಮಾರ್ಚಿನಲ್ಲಿ ಕೋರ್ಟು ಹಳೆಯ ಆದೇಶ ಸಡಿಲಿಸಿ ವಿಷಯವನ್ನು ತಜ್ಞರ ಸಮಿತಿಗೆ ಒಪ್ಪಿಸಿತು. ಹವೆಯ ಬಿಸಿ ತಡೆಯಬೇಕಾದರೆ ಹಸಿರು ವಿದ್ಯುತ್ತು ಬೇಕು ಎಂಬುದು ವಾದ. ವಾದ ಸುಳ್ಳಲ್ಲ. ಆದರೆ ಭೂಮಿ ಕಾಯಿಸಿದ್ದು ಎರೆಭೂತವೇ? ಕುರಿಗಾಹಿಯೇ? ಕಾಯಿಸಿದವರು ಯಾರೋ, ತಂಪು ಮಾಡುವ ಖರ್ಚು ಯಾರ ತಲೆಗೋ! ಈ ನ್ಯಾಯ ನಮಗೆ ಹೊಸದಲ್ಲ. ಊರು ಹೊಲಸು ಮಾಡಿದ್ದು ಒಬ್ಬರು, ಬಳಿದದ್ದು ಇನ್ನೊಬ್ಬರು. ಇದನ್ನೇ ಧರ್ಮ ಅಂದರು, ಈಗ ಅಭಿವೃದ್ಧಿ ಅನ್ನುತ್ತಾರೆ.

ಅಳೆಯುವವರು ಯಾರು ಎಂದು ಮೊದಲೇ ಕೇಳಿದೆವು. ಉತ್ತರ ಕೇಳಿದರೆ ದಂಗಾಗುತ್ತೀರಿ: ಬಹಳ ಕಡೆ ಯಾರೂ ಇಲ್ಲ. ಅಣೆಕಟ್ಟು, ಗಣಿ, ದೊಡ್ಡ ಕಾರ್ಖಾನೆ ಕಟ್ಟಬೇಕಾದರೆ 2006ರ ಅಧಿಸೂಚನೆಯಂತೆ ಪರಿಸರದ ಮೇಲಿನ ಪರಿಣಾಮದ ವರದಿ ಆಗಬೇಕು, ಬಹುಪಾಲಿಗೆ ಸಾರ್ವಜನಿಕ ಅಹವಾಲು ಸಭೆಯೂ ನಡೆಯಬೇಕು. ಆ ಪಟ್ಟಿಯಲ್ಲಿ ಗಾಳಿ ವಿದ್ಯುತ್ತು ಇಲ್ಲವೇ ಇಲ್ಲ. 2016ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಅದನ್ನು 'ಬಿಳಿ' ವರ್ಗಕ್ಕೆ ಸೇರಿಸಿತು. ಅಂದರೆ ಮಡಿ! ಹೊಗೆ ಬಿಡುವುದಿಲ್ಲ ನಿಜ. ಹೊಗೆ ಇಲ್ಲದ್ದಕ್ಕೆ ಹಾನಿಯೂ ಇಲ್ಲ ಎಂದರೆ ಅದು ವಿಜ್ಞಾನವಲ್ಲ, ಮಡಿವಂತಿಕೆ. ಅರಣ್ಯದ ನೆಲವಾದರೆ ಅರಣ್ಯದವರ ಒಪ್ಪಿಗೆ ಬೇಕು. ಕಂದಾಯದ ನೆಲ, ಗೋಮಾಳ, ಪಟ್ಟಾ ನೆಲವಾದರೆ ಧಾಮದ ಗೆರೆಗೆ ತಾಗಿಕೊಂಡೇ ಇದ್ದರೂ ಆ ವರದಿ ಕೇಳುವ ಕಾನೂನಿಲ್ಲ. ಎಲ್ಲಾದರೂ ವರದಿ ಮಾಡಿದರೂ ಮಾಡಿಸುವುದು ಕಂಪನಿ, ದುಡ್ಡು ಕೊಡುವುದು ಕಂಪನಿ, ಇಂಗ್ಲಿಷಿನಲ್ಲಿ ಬರೆದು ಬೀರುವಿನಲ್ಲಿ ಇಡುವುದೂ ಕಂಪನಿ. ಕಳ್ಳನೇ ಪಂಚನಾಮೆ ಬರೆದಂತೆ.

ಈ ನಡುವೆ ಊರಿಗೆ ಬ್ರೋಕರು ಬರುತ್ತಾನೆ. ದಲಿತರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಪರಭಾರೆ ಮಾಡುವಂತಿಲ್ಲ ಎಂದು 1978ರ ಕಾಯ್ದೆ ಇದೆ. ಆ ಕಾಯ್ದೆಯ ಹೆಸರು ಅವನ ಬಾಯಲ್ಲಿ ಬರುವುದಿಲ್ಲ. "ಗುಡ್ಡದ ಮ್ಯಾಲಿನ ಕಲ್ಲು ನೆಲ, ಯಾತಕ್ಕ ಬರ್ತದ? ಒಂದು ಹೆಬ್ಬಟ್ಟು ಒತ್ತು, ನಿನ್ನ ಮಗನಿಗೆ ವಾಚ್‌ಮನ್ ಕೆಲಸ" ಅಂತಾನೆ. ಬಡತನ ಇದ್ದ ಕಡೆ ಆ ಮಾತು ನಾಟುತ್ತದೆ. ಅಪ್ಪನ ನೆಲ ಕಾಯುವ ವಾಚ್‌ಮನ್ ಆಗಿ ಮಗ ನಿಲ್ಲುತ್ತಾನೆ, ಅಪ್ಪನ ಕುರಿಯನ್ನು ಗೇಟಿನಿಂದ ಹೊಡೆದಟ್ಟುತ್ತಾನೆ. ಅವನನ್ನು ನಾವು ಬಯ್ಯುವುದಿಲ್ಲ. ಹಾಗೆ ಅಪ್ಪ ಮಗನನ್ನು ಎದುರುಬದುರು ನಿಲ್ಲಿಸಿದವರನ್ನು ಬಿಡುವುದಿಲ್ಲ.

ನಮ್ಮ ಗೆಳೆಯರಲ್ಲೇ ಕೆಲವರು ಕೇಳುತ್ತಾರೆ: "ಹಕ್ಕಿ, ತೋಳ, ಓತಿಕೇತ ಇದೆಲ್ಲ ಹೊಟ್ಟೆ ತುಂಬಿದವರ ಚಿಂತೆ. ದಲಿತ ಚಳುವಳಿಗೆ ಇದು ಯಾಕೆ?" ಈ ಪ್ರಶ್ನೆಗೆ ಸಿಟ್ಟು ಮಾಡಿಕೊಳ್ಳುವಂತಿಲ್ಲ, ಅದಕ್ಕೆ ಕಾರಣ ಇದೆ. ಮಹಾಡಿನ ಚವದಾರ ಕೆರೆಯಲ್ಲಿ ದನ ಕುರಿ ಹಕ್ಕಿ ನೀರು ಕುಡಿಯಬಹುದಿತ್ತು, ನಮ್ಮವರು ಮುಟ್ಟುವಂತಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಆ ಕೆರೆಯ ನೀರು ಕುಡಿದು ತೋರಿಸಬೇಕಾಯಿತು. ಪ್ರಾಣಿಗಿರುವ ದಯೆ ಮನುಷ್ಯನಿಗಿಲ್ಲದ ನಾಡು ಇದು. ಹಾಗಾಗಿ 'ವನ್ಯಜೀವಿ' ಅಂದೊಡನೆ ನಮ್ಮವರಿಗೆ ಅನುಮಾನ. ಆದರೆ ಮಹಾಡಿನಲ್ಲಿ ಬಾಬಾಸಾಹೇಬರು ಹಕ್ಕಿಯನ್ನು ಕೆರೆಯಿಂದ ಓಡಿಸಿರೆಂದು ಕೇಳಲಿಲ್ಲ. ಕೆರೆ ಎಲ್ಲರದು ಎಂದರು. ಇವತ್ತು ಗುಡ್ಡದ ಗೇಟಿಗೆ ಬೀಗ ಬಿದ್ದಾಗ ಕುರಿಯೂ ಹೊರಗೆ, ತೋಳವೂ ಹೊರಗೆ. ಇಬ್ಬರನ್ನೂ ಒಂದೇ ಪದದಲ್ಲಿ ಹೊರಗೆ ಹಾಕಿದ್ದಾರೆ: ಬಂಜರು. ನಾವು ಬೇರೆ ಬೇರೆ ದಾವೆ ಹೂಡಬೇಕೇ?

ಹಾಗೆಂದು ಪಟ್ಟಣದ ನಿಸರ್ಗಪ್ರೇಮಿಗಳನ್ನೂ ಸುಮ್ಮನೆ ಬಿಡುವಂತಿಲ್ಲ. ಕ್ಯಾಮೆರಾ ಹೊತ್ತು ಬರುತ್ತಾರೆ, ತೋಳದ ಫೋಟೋ ತೆಗೆಯುತ್ತಾರೆ, ಕುರಿಗಾಹಿಯನ್ನು ಚೌಕಟ್ಟಿನಿಂದ ಹೊರಗಿಡುತ್ತಾರೆ. ಧಾಮ ಉಳಿಸಬೇಕಾದರೆ ಜನರನ್ನು ಹೊರಗಟ್ಟಿ ಅನ್ನುತ್ತಾರೆ. ಸ್ವಾಮಿ, ಆ ತೋಳ ಇಷ್ಟು ವರ್ಷ ತಿಂದದ್ದು ಯಾರ ಕುರಿ? ತಿಂದರೂ ಅದರ ಸಂತತಿ ಅಳಿಸದೆ ಬಿಟ್ಟವರು ಯಾರು? 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಬುಡಕಟ್ಟಿನವರಲ್ಲದ ಬಡವ ಹಕ್ಕು ಕೇಳಿದರೆ ಮೂರು ತಲೆಮಾರಿನ, 75 ವರ್ಷದ ದಾಖಲೆ ತಾ ಅಂತಾರೆ. ಓದುಬರಹವನ್ನೇ ಕೊಡದವರು ದಾಖಲೆ ಕೇಳುತ್ತಾರೆ! ಕಂಪನಿಗೆ ಎಷ್ಟು ತಲೆಮಾರಿನ ದಾಖಲೆ ಕೇಳಿದರು? ಅರಣ್ಯದ ನೆಲ ಬೇರೆ ಕೆಲಸಕ್ಕೆ ಕೊಡುವ ಮೊದಲು ಗ್ರಾಮಸಭೆಯ ಒಪ್ಪಿಗೆ ಬೇಕೆಂದು 2009ರಲ್ಲಿ ಕೇಂದ್ರವೇ ಹೇಳಿತ್ತು. 2022ರ ನಿಯಮದಲ್ಲಿ ಕೇಂದ್ರದ ಮಂಜೂರಾತಿಗೆ ಮುಂಚೆ ಆ ಒಪ್ಪಿಗೆ ಬೇಕೆಂಬ ಕಟ್ಟನ್ನು ಬಿಚ್ಚಿಹಾಕಿದರು.

ಜನ ಸುಮ್ಮನಿದ್ದರೇ? ಇಲ್ಲ. 1984ರಲ್ಲಿ ನಮ್ಮದೇ ಸರ್ಕಾರ ಹಳ್ಳಿಗಳ ಸುಮಾರು 75,000 ಎಕರೆ ಸಾರ್ವಜನಿಕ ನೆಲವನ್ನು ನೀಲಗಿರಿ ಬೆಳೆಯಲು ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ಕೊಡಲು ಹೊರಟಿತ್ತು. ಅದೂ 'ಬಂಜರು' ಎಂದೇ, ಅದೂ 'ಹಸಿರು' ಮಾಡುತ್ತೇವೆ ಎಂದೇ! 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ ಮಾಡಿದರು. ನೀಲಗಿರಿ ಕಿತ್ತರು, ಜನಕ್ಕೆ ಬೇಕಾದ ಸಸಿ ಹಚ್ಚಿದರು. ಕೊನೆಗೆ ಆ ಕಂಪನಿ ಮುಚ್ಚಿತು. ಗಡಿಯಾಚೆ, ಆಗ ಅನಂತಪುರ ಜಿಲ್ಲೆಯಲ್ಲಿದ್ದ ಕಲ್ಪವಲ್ಲಿಯಲ್ಲಿ ಹಳ್ಳಿಯವರು 1990ರ ದಶಕದಿಂದ ತಾವೇ ಕಾದು ಬೆಳೆಸಿದ ಹುಲ್ಲುಗಾವಲಿಗೆ ಫ್ಯಾನುಗಳು ಬಂದವು, ಯಾಕೆಂದರೆ ಕಾಗದದಲ್ಲಿ ಅದು ಬಂಜರಾಗಿಯೇ ಉಳಿದಿತ್ತು. ದೂರದ ನಾರ್ವೆ ದೇಶದಲ್ಲಿ ಸಾಮಿ ಎಂಬ ಮೂಲನಿವಾಸಿಗಳು ಹಿಮಸಾರಂಗ ಮೇಯಿಸುವವರು. ಫೋಸೆನ್ ಎಂಬಲ್ಲಿ ಅವರ ಮೇವಿನ ನೆಲದಲ್ಲಿ 151 ಫ್ಯಾನು ನಿಂತವು. 2021ರ ಅಕ್ಟೋಬರ್ 11ರಂದು ಅಲ್ಲಿನ ಸುಪ್ರೀಂ ಕೋರ್ಟು ಇದು ಸಾಮಿ ಜನರ ಹಕ್ಕಿನ ಉಲ್ಲಂಘನೆ ಎಂದು ತೀರ್ಪು ಕೊಟ್ಟಿತು. ತೀರ್ಪು ಬಂದರೂ ಫ್ಯಾನು ತಿರುಗುತ್ತಲೇ ಇದ್ದವು. ಯಂತ್ರ ನಿಂತ ಮೇಲೆ ನ್ಯಾಯ ಬಂದರೆ ನ್ಯಾಯಕ್ಕೆ ಕಾಲೂರಲು ಜಾಗ ಇರುವುದಿಲ್ಲ. ಅದಕ್ಕೇ ಅಳತೆ ಮೊದಲು ಆಗಬೇಕು, ಯಂತ್ರ ಆಮೇಲೆ.

ನಾವು ಕೇಳುವುದು ಇಷ್ಟು:

1. ಧಾಮದ ಒಳಗೆ ಇರಲಿ, ಹೊರಗೆ ಇರಲಿ, ದೊಡ್ಡ ಫ್ಯಾನುಗಳ ಯೋಜನೆಗೆಲ್ಲ ಪರಿಸರ ಪರಿಣಾಮದ ವರದಿ, ಕನ್ನಡದಲ್ಲಿ, ಊರಲ್ಲೇ ಅಹವಾಲು ಸಭೆ.

2. ಕನಿಷ್ಠ ಒಂದು ಪೂರ್ತಿ ವರ್ಷ, ಎಲ್ಲ ಕಾಲದಲ್ಲೂ ಹಕ್ಕಿ ಪ್ರಾಣಿಗಳ ಎಣಿಕೆ. ದುಡ್ಡು ಕಂಪನಿ ಕೊಡಲಿ, ಎಣಿಸುವವರನ್ನು ಕಂಪನಿ ಆರಿಸಬಾರದು.

3. ಒಂದೊಂದೇ ಯೋಜನೆಯ ಲೆಕ್ಕ ಸಾಲದು. ಒಂದು ಗುಡ್ಡಸಾಲಿನ ಎಲ್ಲ ಫ್ಯಾನು, ಎಲ್ಲ ರಸ್ತೆ, ಎಲ್ಲ ತಂತಿಯ ಲೆಕ್ಕ ಒಟ್ಟಿಗೆ ಆಗಲಿ.

4. ಗೋಮಾಳ, ಮಂಜೂರಾದ ಜಮೀನು ಮುಟ್ಟುವ ಮುನ್ನ ಗ್ರಾಮಸಭೆಯ ಒಪ್ಪಿಗೆ. ಆ ಸಭೆ ಕೇರಿಯಲ್ಲೂ ನಡೆಯಲಿ, ಊರಗೌಡರ ಕಟ್ಟೆಯ ಮೇಲೆ ಮಾತ್ರ ಅಲ್ಲ.

5. ಈಗಾಗಲೇ ನಿಂತ ಫ್ಯಾನುಗಳು ಹಕ್ಕಿ ಬರುವ ಹೊತ್ತಿಗೆ ನಿಲ್ಲಲಿ, ಬಾವಲಿ ಹಾರುವ ರಾತ್ರಿ ಮೆಲುಗಾಳಿಯಲ್ಲಿ ತಿರುಗದಿರಲಿ. ನಾರ್ವೆಯ ಸ್ಮೋಲಾ ದ್ವೀಪದಲ್ಲಿ ಒಂದು ರೆಕ್ಕೆಗೆ ಕಪ್ಪು ಬಣ್ಣ ಬಳಿದದ್ದಕ್ಕೆ ಹಕ್ಕಿಗಳ ಸಾವು ಸುಮಾರು ನೂರಕ್ಕೆ 70 ಇಳಿಯಿತೆಂದು 2020ರಲ್ಲಿ ವರದಿಯಾಗಿದೆ. ಬಣ್ಣದ ಡಬ್ಬಿಗೂ ದುಡ್ಡಿಲ್ಲವೇ?

6. ಬಂಜರು ಪಟ್ಟಿಯಿಂದ ಹುಲ್ಲುಗಾವಲನ್ನು ತೆಗೆಯಿರಿ.

ಇದನ್ನು ಕೇಳುತ್ತಾ ಕೂತರೆ ಸಾಲದು. ಹಳ್ಳಿಯ ಮೇಷ್ಟ್ರುಗಳೇ, ಕಾಲೇಜಿನ ಗೆಳೆಯರೇ, 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯ್ತಿಯಲ್ಲೂ ಒಂದು ಸಮಿತಿ ಇರಬೇಕು, ಊರಿನ ಗಿಡ ಮರ ಪ್ರಾಣಿ ಪಕ್ಷಿಗಳ ಒಂದು ಜನತಾ ದಾಖಲೆ ಇರಬೇಕು. ನಾಳೆಯೇ ಹೋಗಿ ಆ ಪುಸ್ತಕ ತೋರಿಸಿ ಎನ್ನಿ. ಇಲ್ಲದಿದ್ದರೆ ಬರೆಸಿ. ಇದ್ದು, ಸುಳ್ಳು ತುಂಬಿದ್ದರೆ ತಿದ್ದಿಸಿ. ಶಾಲೆಯ ಮಕ್ಕಳಿಗೆ ಒಂದು ನೋಟುಬುಕ್ಕು ಕೊಡಿ: ಯಾವ ದಿನ, ಯಾವ ಜಾಗ, ಯಾವ ಹಕ್ಕಿ, ಕಂಡವರು ಯಾರು. ಫ್ಯಾನಿನ ಬುಡದಲ್ಲಿ ಸತ್ತದ್ದು ಸಿಕ್ಕರೆ ತಾರೀಕು ಹಾಕಿ ಫೋಟೋ ತೆಗೆದಿಡಿ. ಕುರಿಗಾಹಿಯನ್ನು ಕೂಡಿಸಿಕೊಂಡು ಗುಡ್ಡದ ನಕ್ಷೆ ಬರೆಯಿರಿ: ಯಾವ ಹುಲ್ಲು ಎಲ್ಲಿ, ಯಾವ ತಿಂಗಳಲ್ಲಿ ಮೇವು ಎಲ್ಲಿ, ನೀರು ಎಲ್ಲಿ. ತೋಳದ ಗವಿ ಎಲ್ಲಿದೆ ಎಂಬುದನ್ನು ಮಾತ್ರ ಪೇಪರಿಗೆ ಕೊಡಬೇಡಿ.

ಇಷ್ಟು ದಿನ ಅವರ ಕಾಗದ ನಮ್ಮ ಗುಡ್ಡವನ್ನು ಬಂಜರು ಅಂದಿತು. ಇನ್ನು ನಮ್ಮ ಕಾಗದ ಮಾತಾಡಲಿ. ಆ ಮುದುಕನ ಪ್ರಶ್ನೆಗೆ ತಹಸೀಲ್ದಾರರ ಕಚೇರಿಯಲ್ಲಿ, ಎಲ್ಲರ ಎದುರು, ಬರಹದಲ್ಲಿ ಉತ್ತರ ಸಿಗುವವರೆಗೂ ನಾವು ಆ ಗುಡ್ಡ ಇಳಿಯುವುದಿಲ್ಲ.